ದೋಷ ಹುಡುಕಿದವರಿಗೂ ಕೂಲಿ ಕೊಡಿ

ನಮ್ಮ ಮೂಡಿಗೆರೆ, ಕಳಸದ ಕಡೆ ಗಾಡಿಗಳು ಹೆಚ್ಚಾಗಿ ಕೆಡುವುದು ಮಳೆಗಾಲದ ಕೊನೆಗೆ. ಕಾಫಿ ಮಾರಿದ ದುಡ್ಡು ಕೈ ಸೇರುವುದು ಫೆಬ್ರುವರಿ, ಮಾರ್ಚಿಗೆ. ನಡುವಿನ ತಿಂಗಳುಗಳಲ್ಲಿ ವಾರದ ಬಟವಾಡೆ, ಗೊಬ್ಬರ, ಮಕ್ಕಳ ಫೀಸು ಎಲ್ಲವೂ ಉಳಿಕೆಯಲ್ಲೋ ಸಾಲದಲ್ಲೋ ನಡೆಯಬೇಕು. ಅಂಥ ಹೊತ್ತಿನಲ್ಲಿ ಮೂವತ್ತು ಸಾವಿರದ ರಿಪೇರಿ ಪಟ್ಟಿ ಬಂದರೆ ಸಣ್ಣ ಬೆಳೆಗಾರನ ವರ್ಷದ ಲೆಕ್ಕವೇ ಏರುಪೇರು. ಆದ್ದರಿಂದ ಈ ಸಲ ಆಕ್ಸಿಲರೇಟರ್ ಒತ್ತಿದಾಗ ಅದುರುವ ಕಾರಿನ ಬಗ್ಗೆಯೇ ಬರೆಯುತ್ತಿದ್ದೇನೆ.

ನನ್ನ ಪೆಟ್ರೋಲ್ ಕಾರಿಗೆ ಈ ನಡುಕ ಶುರುವಾದದ್ದು ಅಕ್ಟೋಬರಿನಲ್ಲಿ. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ, ತಿರುವು ಕಳೆದು ಎರಡನೇ, ಮೂರನೇ ಗೇರಿನಲ್ಲಿ ಒತ್ತಿದರೆ ಮುಂಭಾಗವೆಲ್ಲ ಎಡಬಲಕ್ಕೆ ಅಲುಗುತ್ತಿತ್ತು. ಕಾಲು ತೆಗೆದರೆ ತಟ್ಟನೆ ನಿಲ್ಲುತ್ತಿತ್ತು. ಕೊಟ್ಟಿಗೆಹಾರ ದಾಟಿ ಸಮ ರಸ್ತೆ ಸಿಕ್ಕಿದಾಗ ಅದಕ್ಕಿಂತ ಹೆಚ್ಚಿನ ವೇಗದಲ್ಲೂ ಗಾಡಿ ತಣ್ಣಗಿರುತ್ತಿತ್ತು. ದೊಡ್ಡ ವರ್ಕ್‌ಶಾಪೊಂದರಲ್ಲಿ ಗಾಡಿಯನ್ನು ಓಡಿಸಿ ನೋಡದೆಯೇ ಮುಂದಿನ ಎರಡು ಟೈರು, ಸಸ್ಪೆನ್ಷನ್ ಆರ್ಮ್, ಎಂಜಿನ್ ಮೌಂಟಿಂಗ್ ಎಂದು 31,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ನಾನು ಒಪ್ಪಲಿಲ್ಲ. ಟೈರು ಅಥವಾ ವೀಲ್ ಬ್ಯಾಲೆನ್ಸಿಂಗಿನ ದೋಷ ವೇಗಕ್ಕೆ ಅಂಟಿಕೊಂಡಿರುತ್ತದೆ. ಬೇಲೂರು–ಹಾಸನದಂಥ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಮುಟ್ಟಿದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಸ್ಟೀರಿಂಗ್ ಅದುರುತ್ತಲೇ ಇರುತ್ತದೆ. ನನ್ನದು ಎಂಜಿನ್ ಮೇಲೆ ಭಾರ ಬಿದ್ದಾಗ ಮಾತ್ರ ಬರುತ್ತಿದ್ದ ನಡುಕ.

ಮೂಡಿಗೆರೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು ಪಾನಾ ಮುಟ್ಟುವ ಮೊದಲು ಕೇಳಿದ್ದು ಬೀಗದ ಕೈ. ‘ನೀವು ಪಕ್ಕ ಕೂತ್ಕೊಳ್ಳಿ ಸಾರ್, ಏರಲ್ಲಿ ನಾನೇ ಓಡಿಸ್ತೀನಿ’ ಎಂದರು. ಬಂದವರೇ ಗಾಡಿ ಎತ್ತಿ, ಟಾರ್ಚ್ ಹಿಡಿದು, ಎಡಗಡೆಯ ಆಕ್ಸಲ್ ತೋರಿಸಿದರು. ಗೇರ್‌ಬಾಕ್ಸಿನ ಕಡೆಯ ರಬ್ಬರ್ ಬೂಟ್ ಹರಿದು, ಗ್ರೀಸೆಲ್ಲ ಸುತ್ತಲೂ ಸಿಡಿದು ಅಂಟಿತ್ತು. ಬೆರಳಿಗೆ ಹತ್ತಿದ ಉಳಿದ ಗ್ರೀಸಿನಲ್ಲಿ ಮರಳು.

ಆ ಬೂಟ್ ಮುಚ್ಚಿರುವ ಒಳಗಿನ ಜಾಯಿಂಟಿನಲ್ಲಿ ಮೂರು ಉರುಳೆಗಳು ಮೂರು ಕಾಲುವೆಗಳಲ್ಲಿ ಹಿಂದೆಮುಂದೆ ಜಾರುತ್ತಿರುತ್ತವೆ. ತೋಟದ ರಸ್ತೆಯ ಜಲ್ಲಿಯೋ ಕಡ್ಡಿಯೋ ಬೂಟನ್ನು ಹರಿದರೆ ಕೆಸರುನೀರು ಒಳಹೊಕ್ಕು ಕಾಲುವೆಯ ಗೋಡೆ ಸವೆದು ಗುಳಿ ಬೀಳುತ್ತದೆ. ಎಂಜಿನ್ ಬಲವಾಗಿ ಎಳೆಯುವಾಗ ಉರುಳೆಗಳು ಆ ಗುಳಿಗಳಲ್ಲಿ ಸಿಕ್ಕಿಕೊಂಡು, ಆಕ್ಸಲ್ಲಿನ ಒಂದೊಂದು ಸುತ್ತಿಗೂ ಮೂರು ಸಲ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತವೆ. ಕಾಲು ತೆಗೆದಾಗ ನಡುಕ ಮಾಯವಾಗುವುದು ಇದಕ್ಕೇ. ಚಕ್ರದ ಕಡೆಯ ಹೊರಗಿನ ಜಾಯಿಂಟ್ ಸವೆದಿದ್ದರೆ ಬೇರೆ ಲಕ್ಷಣ: ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಸದ್ದು.

ಒಳಗಿನ ಜಾಯಿಂಟ್, ಎರಡೂ ಕಡೆಯ ಬೂಟ್, ಗ್ರೀಸ್, ಕೂಲಿ ಸೇರಿ 7,400 ರೂಪಾಯಿ ಆಯಿತು. ಪರೀಕ್ಷೆಗೆಂದು 500 ಬೇರೆಯಾಗಿ ಕೊಟ್ಟೆ. ‘ಅದೆಲ್ಲ ಬೇಡ’ ಎಂದರು, ನಾನು ಬಿಡಲಿಲ್ಲ. ಬಿಡಿಭಾಗ ಬದಲಿಸಿದ್ದಕ್ಕೆ ಮಾತ್ರ ನಾವು ದುಡ್ಡು ಬಿಚ್ಚುತ್ತಾ ಹೋದರೆ, ‘ಏನೂ ಬದಲಿಸಬೇಕಾಗಿಲ್ಲ’ ಎಂದು ನಿಜ ಹೇಳಿದ ಮೆಕ್ಯಾನಿಕ್ ಬರಿಗೈಯಲ್ಲಿ ಕೂರಬೇಕಾಗುತ್ತದೆ. ಹಾಗಾದರೆ ಯಾರು ತಾನೇ ಅರ್ಧ ದಿನ ಕೂತು ಹುಡುಕಿಯಾರು? ಪರೀಕ್ಷೆಯ ಕೂಲಿ ಎಷ್ಟೆಂದು ಗಾಡಿ ಬಿಡುವ ಮೊದಲೇ ಮಾತಾಡಿಕೊಳ್ಳಿ.

ಏರಿನಲ್ಲಿ ಅದುರುವ ಎಲ್ಲ ಗಾಡಿಗೂ ಆಕ್ಸಲ್ಲೇ ಕಾರಣ ಎನ್ನಲಾಗದು. ಕಳಸದಲ್ಲಿರುವ ನನ್ನ ಭಾವನ ಕಾರು ಮಳೆಯ ಬೆಳಗುಗಳಲ್ಲಿ ಮಿಸ್ಸಿಂಗ್ ಹೊಡೆಯುತ್ತಿತ್ತು: ಪಕ್ಕಕ್ಕೆ ಅಲುಗದೆ ಜಗ್ಗಿ ಜಗ್ಗಿ ಹೋಗುವುದು, ಪಿಕಪ್ ಇಲ್ಲ, ಎಂಜಿನ್ ದೀಪ ಮಿನುಗುವುದು. ಸ್ಕ್ಯಾನರ್ ಹಾಕಿದರೆ ಪಿ0301, ಅಂದರೆ ಒಂದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಒಂದನೆಯ ಇಗ್ನಿಷನ್ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ ಓಡಿಸಿದಾಗ ಕೋಡು ಪಿ0302 ಆಯಿತು. ಕೆಟ್ಟದ್ದು ಆ ಕಾಯಿಲೇ ಎಂದು ಹೊಸ ಸಾಮಾನು ಕೊಳ್ಳುವ ಮೊದಲೇ ಗೊತ್ತಾಯಿತು. ಕೋಡು ಅಲ್ಲೇ ಉಳಿದಿದ್ದರೆ ಮುಂದೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಇಲಿ ಕಡಿದ ವೈರು ನೋಡಬೇಕಿತ್ತು.

ಈ ಒಂದು ವಿಷಯದಲ್ಲಿ ದಯವಿಟ್ಟು ತಡಮಾಡಬೇಡಿ. ಎಂಜಿನ್ ದೀಪ ಮಿನುಗುತ್ತಿದ್ದಾಗ ಎಳೆದುಕೊಂಡೇ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಕಾಯಿಲಿಗೆ ಒಂದೆರಡು ಸಾವಿರ ಸಾಕಾಗುವ ಕಡೆ ಕನ್ವರ್ಟರಿಗೆ ಹತ್ತಾರು ಸಾವಿರ ಬೇಕು. ವಿಮೆ ಇದೆಯಲ್ಲ ಎನ್ನುವಂತಿಲ್ಲ. ಸವಕಳಿ, ಯಾಂತ್ರಿಕ ಮತ್ತು ವಿದ್ಯುತ್ ದೋಷಗಳು ಸಾಮಾನ್ಯ ವಾಹನ ವಿಮೆಯ ಹೊರಗೆ. ಜೀರೋ ಡೆಪ್ ಮಾಡಿಸಿದ್ದರೂ ಹರಿದ ಬೂಟಿಗೆ, ಸವೆದ ಜಾಯಿಂಟಿಗೆ ಅದು ಕೊಡುವುದಿಲ್ಲ.

ಆದ್ದರಿಂದ ನಾನು ರೋಬಸ್ಟಾ ಮಾರಿದ ವಾರವೇ ಗಾಡಿಗೆಂದು 15,000 ರೂಪಾಯಿಯನ್ನು ಬೇರೆ ಉಳಿತಾಯ ಖಾತೆಗೆ ಹಾಕುತ್ತೇನೆ. ಬಟವಾಡೆಗೂ ಅದನ್ನು ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ಗಾಡಿ ಎತ್ತಿಸಿ ನಾಲ್ಕೂ ಬೂಟ್ ನೋಡಿಸುತ್ತೇನೆ. ಬಿರುಕು ಕಂಡು ಗ್ರೀಸ್ ಇನ್ನೂ ಶುದ್ಧವಾಗಿದ್ದರೆ ಸಾವಿರದೈನೂರರ ಒಳಗೆ ಕೆಲಸ ಮುಗಿಯುತ್ತದೆ. ಬಿಡಿಭಾಗಕ್ಕೆ ಅಂಗಡಿಯ ಬಿಲ್ಲು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ 18. ಹಿಂದೆ ಎಷ್ಟೋ ಭಾಗಗಳಿಗೆ ಶೇ 28 ಇತ್ತು. ಬಿಲ್ಲಿನ ಮೇಲೆ ಗಾಡಿಯ ಕಿಲೋಮೀಟರ್ ಬರೆಸಿ, ತೆಗೆದ ಹಳೆಯ ಭಾಗವನ್ನು ಮನೆಗೆ ತನ್ನಿ.