ಅಮೆರಿಕದಲ್ಲಿ ಅಂತ್ಯಸಂಸ್ಕಾರ: ಮೊದಲೇ ವಿಚಾರಿಸಿಡುವುದು ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಎಂಬತ್ತು ದಾಟಿದ ಅಪ್ಪ ಅಮ್ಮ ಈಗ ನಮ್ಮ ಜೊತೆಗೇ ಇದ್ದಾರೆ. ಈಚೆಗೆ ಪರಿಚಯದವರ ಮನೆಯಲ್ಲಿ ಸಾವಾದಾಗ ಫ್ಯೂನರಲ್ ಹೋಮ್‌ನವರು ಕೊಟ್ಟ ಬಿಲ್ ನೋಡಿ ಗಾಬರಿಯಾಯಿತು. ಇಲ್ಲಿ ಇದಕ್ಕೆಲ್ಲ ಎಷ್ಟು ಖರ್ಚಾಗುತ್ತದೆ? ಕಾನೂನು ಏನೇನು ಕೇಳುತ್ತದೆ? ನಾಲ್ಕು ಕಡೆ ವಿಚಾರಿಸಿ ನೋಡಬಹುದೇ? ಹಿರಿಯರು ಚೆನ್ನಾಗಿರುವಾಗ ಈ ಮಾತೆತ್ತುವುದೇ ಅಪಶಕುನ ಎಂದು ಮನೆಯಲ್ಲಿ ಬೈಯುತ್ತಾರೆ.
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಖಂಡಿತ ವಿಚಾರಿಸಬಹುದು. ಅವರು ಚೆನ್ನಾಗಿರುವಾಗಲೇ ವಿಚಾರಿಸಬೇಕು. ಊರಲ್ಲಿ ಸಾವಾದರೆ ನಾವು ಯಾರನ್ನೂ ರೇಟು ಕೇಳುವುದಿಲ್ಲ, ನಿಜ. ಅಲ್ಲಿ ಬಿದಿರು ತಂದು ಚಟ್ಟ ಕಟ್ಟುವವರು, ಸೌದೆ ಹೊಂದಿಸುವವರು, ಸಾವಿನ ಮನೆಗೆ ಊಟ ಕಳಿಸುವವರು ಎಲ್ಲ ನೆಂಟರಿಷ್ಟರು, ಅಕ್ಕಪಕ್ಕದವರು. ಅಮೆರಿಕದಲ್ಲಿ ಅದೇ ಕೆಲಸ ಲೈಸೆನ್ಸ್ ಪಡೆದವರ ವ್ಯಾಪಾರ. ಪ್ರತಿಯೊಂದಕ್ಕೂ ಬೆಲೆಯಿದೆ, ಆ ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ನಮ್ಮ ಸಂಕೋಚ ಅಲ್ಲಿ ನಮಗೇ ನಷ್ಟ.

ಎಷ್ಟು ಬದಲಾಗುತ್ತದೆ ಎಂದರೆ, 2015ರಲ್ಲಿ ಅಲ್ಲಿನ ಎರಡು ಗ್ರಾಹಕ ಸಂಘಟನೆಗಳು ಹತ್ತು ನಗರ ಪ್ರದೇಶಗಳಲ್ಲಿ ದರ ವಿಚಾರಿಸಿದಾಗ, ಯಾವ ವಿಧಿಯೂ ಇಲ್ಲದ ಸರಳ ದಹನಕ್ಕೇ 495 ಡಾಲರಿನಿಂದ 7,595 ಡಾಲರಿನವರೆಗೆ ಕೇಳುವವರಿದ್ದರು. ಒಂದೇ ಊರಿನಲ್ಲಿ, ಒಂದೇ ಕೆಲಸಕ್ಕೆ ಎರಡರಷ್ಟು, ಮೂರರಷ್ಟು ವ್ಯತ್ಯಾಸ ಸಾಮಾನ್ಯವಾಗಿತ್ತು. ಫ್ಯೂನರಲ್ ಡೈರೆಕ್ಟರುಗಳ ರಾಷ್ಟ್ರೀಯ ಸಂಘವೇ 2023ಕ್ಕೆ ಕೊಟ್ಟಿರುವ ಮಧ್ಯಮ ದರ ಹೀಗಿದೆ: ಅಂತಿಮ ದರ್ಶನ ಮತ್ತು ದಹನ ಸೇರಿ 6,280 ಡಾಲರ್, ದರ್ಶನ ಮತ್ತು ಮಣ್ಣು ಮಾಡುವುದಾದರೆ 8,300 ಡಾಲರ್. ಎರಡನೆಯದರಲ್ಲಿ ಸ್ಮಶಾನದ ಜಾಗದ ಬೆಲೆ ಸೇರಿಲ್ಲ.

ನಿಮ್ಮ ಕೈಯಲ್ಲಿರುವ ದೊಡ್ಡ ಬಲ 'ಫ್ಯೂನರಲ್ ರೂಲ್'. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1984ರಲ್ಲಿ ಜಾರಿಗೆ ತಂದ ನಿಯಮ ಇದು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1963ರಲ್ಲಿ, ಜೆಸ್ಸಿಕಾ ಮಿಟ್‌ಫರ್ಡ್ ಎಂಬ ಲೇಖಕಿ 'ದಿ ಅಮೆರಿಕನ್ ವೇ ಆಫ್ ಡೆತ್' ಪುಸ್ತಕದಲ್ಲಿ, ದುಃಖದಲ್ಲಿರುವವರಿಗೆ ಬೇಡದ್ದನ್ನೆಲ್ಲ ಮಾರುವ ಈ ಉದ್ಯಮದ ರೀತಿಯನ್ನು ಬಯಲಿಗೆಳೆದಿದ್ದರು. ಆಗ ಎದ್ದ ಜನರ ಸಿಟ್ಟು ಕೊನೆಗೆ ಕಾನೂನಿನ ರೂಪ ತಾಳಿತು. ಅದರ ಪ್ರಕಾರ, ಫೋನಿನಲ್ಲಿ ಕೇಳಿದರೆ ಫ್ಯೂನರಲ್ ಹೋಮ್‌ನವರು ದರ ಹೇಳಲೇಬೇಕು. ಹೆಸರು, ವಿಳಾಸ ಕೊಟ್ಟರೆ ಮಾತ್ರ ಹೇಳುತ್ತೇವೆ ಎನ್ನುವಂತಿಲ್ಲ. ನೇರವಾಗಿ ಹೋಗಿ ಕೇಳಿದರೆ ಮನೆಗೆ ಕೊಂಡೊಯ್ಯಲು 'ಜನರಲ್ ಪ್ರೈಸ್ ಲಿಸ್ಟ್' ಎಂಬ ದರಪಟ್ಟಿ ಕೊಡಬೇಕು. ಶವಪೆಟ್ಟಿಗೆಗಳನ್ನು ತೋರಿಸುವ ಮೊದಲು ಅವುಗಳ ಬೆಲೆಯ ಪಟ್ಟಿ ತೋರಿಸಬೇಕು.

ಆ ದರಪಟ್ಟಿಯಲ್ಲಿ ನೀವು ಬೇಡ ಎನ್ನಲಾಗದ ಶುಲ್ಕ ಒಂದೇ: 'ಬೇಸಿಕ್ ಸರ್ವಿಸಸ್ ಫೀ'. ಕಾಗದ ಪತ್ರ, ಅನುಮತಿ, ಓಡಾಟ, ಕಚೇರಿ ಖರ್ಚು ಎಲ್ಲ ಅದರಲ್ಲಿ. ಉಳಿದದ್ದನ್ನು ನೀವು ಆರಿಸಿಕೊಳ್ಳಬೇಕು. ಹಾಗಾಗಿ ಹೋಲಿಸುವಾಗ ಮೊದಲು ಈ ಸಾಲು ನೋಡಿ, ಆಮೇಲೆ 'ಡೈರೆಕ್ಟ್ ಕ್ರಿಮೇಷನ್', ಅಂದರೆ ವಿಧಿಗಳಿಲ್ಲದ ಸರಳ ದಹನದ ಸಾಲು ನೋಡಿ. ಪ್ಯಾಕೇಜ್ ಎಂದರೆ ಅಗ್ಗವೇ ಇರುತ್ತದೆ ಎಂದುಕೊಳ್ಳಬೇಡಿ. ಅದರಲ್ಲಿ ನಿಮಗೆ ಬೇಡದ ಲಿಮೊಸಿನ್, ಹೂವಿನ ಅಲಂಕಾರ, ನೆನಪಿನ ಪುಸ್ತಕ ಸೇರಿರಬಹುದು.

ನಮ್ಮವರು ಹೆಚ್ಚು ಹಣ ಕಳೆದುಕೊಳ್ಳುವುದು ಎರಡು ಕಡೆ. ಒಂದು, ಪೆಟ್ಟಿಗೆ. ದಹನಕ್ಕೆ ಮರದ ದುಬಾರಿ ಕಾಸ್ಕೆಟ್ ಬೇಕೇಬೇಕು ಎಂದು ಅವರು ಹೇಳುವಂತಿಲ್ಲ. ರಟ್ಟಿನ ಅಥವಾ ಒತ್ತುಹಲಗೆಯ ಸಾದಾ ಪೆಟ್ಟಿಗೆ ಕೇಳುವ ಹಕ್ಕು ನಿಮಗಿದೆ. ದರ್ಶನಕ್ಕೆ ಚೆನ್ನಾದದ್ದು ಬೇಕೆನಿಸಿದರೆ ಬಹಳ ಕಡೆ ಬಾಡಿಗೆಗೆ ಸಿಗುತ್ತದೆ. ಬೇರೆ ಅಂಗಡಿಯಲ್ಲಿ ಕೊಂಡು ತಂದ ಪೆಟ್ಟಿಗೆಯನ್ನು ಅವರು ನಿರಾಕರಿಸುವಂತಿಲ್ಲ, ಅದಕ್ಕೆ ಹೆಚ್ಚುವರಿ ಶುಲ್ಕವನ್ನೂ ಹಾಕುವಂತಿಲ್ಲ. ಎರಡನೆಯದು ಎಂಬಾಮಿಂಗ್, ಅಂದರೆ ದೇಹ ಕೆಡದಂತೆ ರಾಸಾಯನಿಕ ತುಂಬುವುದು. ಎಲ್ಲ ಸಾವಿಗೂ ಎಂಬಾಮಿಂಗ್ ಕಡ್ಡಾಯ ಎನ್ನುವ ಕಾನೂನಿಲ್ಲ. ಬೆಂಗಳೂರಿನಿಂದ ಅಣ್ಣನೋ ತಂಗಿಯೋ ಬರುವವರೆಗೆ ಎರಡು ದಿನ ಕಾಯಬೇಕಾದರೂ ಸಾಮಾನ್ಯವಾಗಿ ಶೈತ್ಯಾಗಾರ ಸಾಕು. ದೇಹವನ್ನು ವಿಮಾನದಲ್ಲಿ ಭಾರತಕ್ಕೆ ಕಳಿಸುವುದಾದರೆ ಮಾತ್ರ ಎಂಬಾಮಿಂಗ್ ಪ್ರಮಾಣಪತ್ರ ಬೇಕಾಗುತ್ತದೆ.

ದರ ಹೋಲಿಸುವಾಗ ಇನ್ನೊಂದು ಎಚ್ಚರ: ಎರಡು ಬೇರೆ ಬೇರೆ ಹೆಸರಿನ ಹೋಮ್‌ಗಳ ಮಾಲೀಕರು ಒಬ್ಬರೇ ಇರಬಹುದು. ಟೆಕ್ಸಸ್‌ನ ಸರ್ವಿಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಕಂಪನಿಯ ಕೈಯಲ್ಲಿ ಉತ್ತರ ಅಮೆರಿಕದ ಸುಮಾರು 1,500 ಫ್ಯೂನರಲ್ ಹೋಮ್‌ಗಳಿವೆ. ಎಷ್ಟೋ ಕಡೆ ಹಳೆಯ ಕುಟುಂಬದ ಹೆಸರಿನ ಬೋರ್ಡೇ ಉಳಿದಿದೆ. ಆದ್ದರಿಂದ ಮಾಲೀಕರು ಯಾರೆಂದೂ ಕೇಳಿ.

ಇನ್ನು ನಮ್ಮ ವಿಧಿಗಳು. ಇದನ್ನು ದರಪಟ್ಟಿ ಹೇಳುವುದಿಲ್ಲ, ನೀವೇ ಕೇಳಬೇಕು. ದೇಹಕ್ಕೆ ಸ್ನಾನ ಮಾಡಿಸಿ ಸೀರೆ ಉಡಿಸಲು ಮನೆಯವರಿಗೆ ಅವಕಾಶ ಇದೆಯೇ? ಪುರೋಹಿತರಿಗೆ ಎಷ್ಟು ಹೊತ್ತು ಕೊಡುತ್ತೀರಿ? ದೀಪ, ಕರ್ಪೂರ ಹಚ್ಚಬಹುದೇ? ಬಂದವರೆಲ್ಲ ಬಾಯಿಗೆ ಅಕ್ಕಿಕಾಳು ಹಾಕಬಹುದೇ? ಕರ್ಮ ಮಾಡುವವರು ಕ್ರಿಮೇಟೋರಿಯಂ ಒಳಗೆ ಬಂದು ಕುಲುಮೆಯ ಬಟನ್ ಒತ್ತಬಹುದೇ, ಅದಕ್ಕೆ ಬೇರೆ ಶುಲ್ಕವೇ? ಭಾರತೀಯರು ಹೆಚ್ಚಾಗಿರುವ ಊರುಗಳಲ್ಲಿ ಇದೆಲ್ಲ ರೂಢಿಯಾಗಿರುವ ಹೋಮ್‌ಗಳಿವೆ. ನೂರು ಡಾಲರ್ ಉಳಿಯುತ್ತದೆಂದು, ಇದೇನೂ ಗೊತ್ತಿಲ್ಲದವರ ಹತ್ತಿರ ಹೋಗಬೇಡಿ. ಮಣ್ಣು ಮಾಡುವ ಪದ್ಧತಿಯ ವೀರಶೈವ ಲಿಂಗಾಯತ ಮನೆತನಗಳು ಸ್ಮಶಾನದವರ ಹತ್ತಿರವೇ ಮಾತಾಡಬೇಕು. ಗುಂಡಿಗೆ ಕಾಂಕ್ರೀಟ್ ಕವಚ ಹಾಕಲೇಬೇಕೆಂದು ಅನೇಕ ಸ್ಮಶಾನಗಳು ಪಟ್ಟು ಹಿಡಿಯುತ್ತವೆ. ಅದು ಅವುಗಳ ಸ್ವಂತ ನಿಯಮ, ಸರ್ಕಾರದ್ದಲ್ಲ. ಫ್ಯೂನರಲ್ ಹೋಮ್ ನಡೆಸದ ಸ್ಮಶಾನಗಳಿಗೆ ಫ್ಯೂನರಲ್ ರೂಲ್ ಅನ್ವಯಿಸುವುದೂ ಇಲ್ಲ.

ಕಾನೂನಿನ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ನ್ಯೂಜೆರ್ಸಿಯಲ್ಲಿ, ಪಕ್ಕದ ನ್ಯೂಯಾರ್ಕಿನಲ್ಲಿ ಲೈಸೆನ್ಸ್ ಇರುವ ಫ್ಯೂನರಲ್ ಡೈರೆಕ್ಟರ್ ಇಲ್ಲದೆ ಕೆಲಸ ಸಾಗದು. ಸಾವಿನ ಕಾರಣವನ್ನು ವೈದ್ಯರು ದೃಢೀಕರಿಸಬೇಕು, ಮರಣ ಪ್ರಮಾಣಪತ್ರ ದಾಖಲಾಗಬೇಕು, ದಹನಕ್ಕೆ ಅನುಮತಿ ಸಿಗಬೇಕು. ಸತ್ತು 24 ಗಂಟೆ ಕಳೆಯುವ ಮೊದಲು ನ್ಯೂಜೆರ್ಸಿಯಲ್ಲಿ ದಹನವಿಲ್ಲ. ಟೆಕ್ಸಸ್, ಫ್ಲಾರಿಡಾಗಳಲ್ಲಿ 48 ಗಂಟೆ. ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು ಎನ್ನುವ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ತಪ್ಪದೆ ಹೇಳಿ, ಕುಲುಮೆಯಲ್ಲಿ ಸಿಡಿಯುತ್ತದೆಂದು ಮೊದಲೇ ತೆಗೆಯುತ್ತಾರೆ.

ಸಹಿ ಯಾರದು ಎನ್ನುವುದನ್ನೂ ಗಮನಿಸಿ. ನ್ಯೂಜೆರ್ಸಿಯಲ್ಲಿ ಮೃತರು ಉಯಿಲಿನಲ್ಲಿ ಒಬ್ಬರನ್ನು ನೇಮಿಸಿದ್ದರೆ ಅಧಿಕಾರ ಅವರದು. ಇಲ್ಲವಾದರೆ ಗಂಡ ಅಥವಾ ಹೆಂಡತಿಯದು, ಅವರೂ ಇಲ್ಲದಿದ್ದರೆ ಪ್ರಾಯಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರದು. ಅಂದರೆ ಊರಿನಲ್ಲಿ ನಿಮಗೆ ಒಡಹುಟ್ಟಿದವರಿದ್ದರೆ ಅವರ ಒಪ್ಪಿಗೆಯೂ ಬೇಕಾಗಬಹುದು. ಉಯಿಲಿನಲ್ಲಿ ಆ ಒಂದು ಸಾಲು ಬರೆಸಿಟ್ಟರೆ ಆ ದಿನದ ಎಷ್ಟೋ ಗೊಂದಲ ತಪ್ಪುತ್ತದೆ.

ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದಷ್ಟು ಹೆಚ್ಚಾಗಿಯೇ ತೆಗೆದುಕೊಳ್ಳಿ. ಬ್ಯಾಂಕು, ಇನ್ಶೂರೆನ್ಸ್, ಭಾರತೀಯ ಕಾನ್ಸುಲೇಟ್ ಎಲ್ಲ ಕೇಳುತ್ತವೆ. ಊರಿನ ಜಮೀನಿನ ಖಾತೆ ಬದಲಾವಣೆಗೆ, ಪಿಂಚಣಿಗೆ ಅಪೊಸ್ಟಿಲ್ ಎಂಬ, ಬೇರೆ ದೇಶದಲ್ಲೂ ದಾಖಲೆಗೆ ಮಾನ್ಯತೆ ಕೊಡುವ ಮುದ್ರೆಯಿರುವ ಪ್ರತಿ ಬೇಕಾಗಬಹುದು. ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲೋ ಗೋಕರ್ಣದಲ್ಲೋ ಬಿಡುವುದಾದರೆ ಕ್ರಿಮೇಷನ್ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಂಡು, ಕಾನ್ಸುಲೇಟಿನ ಕಾಗದ ಮಾಡಿಸಿಕೊಂಡು ಹೊರಡಿ. ಅಸ್ಥಿ ಮರದ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿರಲಿ. ಅದು ಎಕ್ಸ್‌ರೇಯಲ್ಲಿ ಕಾಣಬೇಕು. ಏರ್‌ಪೋರ್ಟ್ ಭದ್ರತೆಯವರು ಡಬ್ಬಿಯನ್ನು ತೆರೆಯುವುದಿಲ್ಲ, ಲೋಹದ ಕುಡಿಕೆಯ ಒಳಗೆ ಕಾಣದಿದ್ದರೆ ವಿಮಾನಕ್ಕೂ ಬಿಡುವುದಿಲ್ಲ. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದವರಾದರೆ ಇನ್ಶೂರೆನ್ಸ್ ಪತ್ರ ತೆಗೆದು ನೋಡಿ, ದೇಹವನ್ನು ಸ್ವದೇಶಕ್ಕೆ ಕಳಿಸುವ ಖರ್ಚು ಅನೇಕ ಪಾಲಿಸಿಗಳಲ್ಲಿ ಸೇರಿರುತ್ತದೆ. ನಿಜಕ್ಕೂ ಕೈಲಾಗದ ಭಾರತೀಯ ಪ್ರಜೆಗಳಿಗೆ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಾನ್ಸುಲೇಟ್ ನೆರವು ಕೊಡುವುದೂ ಉಂಟು.

ಮುಂಗಡ ಹಣ ಕಟ್ಟಿ ಎಂದು ಫ್ಯೂನರಲ್ ಹೋಮ್‌ನವರು ಒತ್ತಾಯಿಸಿದರೆ ಅವಸರ ಮಾಡಬೇಡಿ. ನಿಮ್ಮ ತಂದೆ ತಾಯಿ ನಾಳೆ ಊರಿಗೆ ಹೊರಡಬಹುದು, ನೀವೇ ಬೇರೆ ರಾಜ್ಯಕ್ಕೆ ಹೋಗಬಹುದು. ವಿಚಾರಿಸಿ ಬರೆದಿಟ್ಟುಕೊಳ್ಳುವುದಕ್ಕೆ ಕಾಸು ಬೇಕಿಲ್ಲ.

ಈ ವಾರ ಮೂರು ಕಡೆ ಫೋನ್ ಮಾಡಿ. ಮೂವರಿಗೂ ಅದೇ ಪ್ರಶ್ನೆಗಳನ್ನು ಕೇಳಿ, ಕ್ರಿಮೇಟೋರಿಯಂ ಶುಲ್ಕ ಸೇರಿದೆಯೇ ಇಲ್ಲವೇ ಎಂಬುದನ್ನೂ ಬರೆದುಕೊಳ್ಳಿ. ಆಮೇಲೆ ಒಂದು ಸಂಜೆ ಅಪ್ಪ ಅಮ್ಮನ ಹತ್ತಿರ ಕೂತು ಅವರಿಗೆ ಏನು ಬೇಕು ಎಂದು ಕೇಳಿ. ಮನೆಯವರು ಅಪಶಕುನ ಎಂದರೂ ಹಿರಿಯರು ಹಾಗೆನ್ನುವುದು ಕಡಿಮೆ. ತಮ್ಮ ತಂದೆ ತಾಯಿಯರ ಕಾರ್ಯವನ್ನು ಕೈಯಾರೆ ಮಾಡಿದವರು ಅವರು, ಇದರ ಭಾರ ಎಷ್ಟೆಂದು ನಿಮಗಿಂತ ಚೆನ್ನಾಗಿ ಬಲ್ಲರು. ಅವರು ಹೇಳಿದ್ದನ್ನು ಒಡಹುಟ್ಟಿದವರಿಗೂ ತಿಳಿಸಿಬಿಡಿ. ಹೀಗೆ ಮಾಡಿದರೆ ಆ ದಿನ ಬಂದಾಗ ಬಿಲ್ಲಿನ ಮುಂದೆ ಕೂರುವ ಬದಲು ನೀವು ಅವರ ಹತ್ತಿರ ಇರಬಹುದು.