ನಾರ್ವೆಗೆ ಹೊರಟ ಮಗಳಿಗೆ

ಮಗಳೇ, ನಿನಗೆ ಸ್ಟಾವಾಂಗರಿನಲ್ಲಿ ಕೆಲಸ ಸಿಕ್ಕಿದಾಗಿನಿಂದ ಮನೆಯಲ್ಲೆಲ್ಲ ಸಂಬಳದ್ದೇ ಮಾತು. ಕ್ರೋನರನ್ನು ರೂಪಾಯಿಗೆ ತಿರುಗಿಸಿ ಎಲ್ಲರೂ ಹಿಗ್ಗುತ್ತಿದ್ದಾರೆ. ಅಲ್ಲಿ ಇಳಿದ ಮೇಲೆ ಆ ಲೆಕ್ಕ ಬಿಟ್ಟುಬಿಡು, ಇಲ್ಲದಿದ್ದರೆ ಒಂದು ಕಾಫಿಯೂ ಗಂಟಲಿಗಿಳಿಯದು. ಹೋಟೆಲೂಟ ಬಹಳ ದುಬಾರಿ. ಅಲ್ಲಿಯವರೇ ಬ್ರೆಡ್ಡು, ಚೀಸು ಕಟ್ಟಿಕೊಂಡು ಆಫೀಸಿಗೆ ಹೋಗುತ್ತಾರೆ. ನೀನೂ ಬುತ್ತಿ ಒಯ್ಯಿ, ಯಾರೂ ಕೀಳಾಗಿ ಕಾಣುವುದಿಲ್ಲ.

ನೀನು ಹೋಗುತ್ತಿರುವುದು ಆ ದೇಶದ ಎಣ್ಣೆಯ ರಾಜಧಾನಿಗೆ. ಅದರ ಕಥೆ ತಿಳಿದುಕೊಂಡು ಹೋಗು. 1969ರ ಕೊನೆಯಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್‌ನಲ್ಲಿ ಭಾರಿ ನಿಕ್ಷೇಪ ಸಿಕ್ಕಿತು. ಅದಕ್ಕೆ ಮುಂಚೆ ಮೀನು, ಹಡಗು, ಜಲವಿದ್ಯುತ್ತನ್ನು ನೆಚ್ಚಿಕೊಂಡಿದ್ದ ದೇಶ ಅದು. ಇಂದಿಗೂ ಜನಸಂಖ್ಯೆ ಸುಮಾರು 55 ಲಕ್ಷ ಅಷ್ಟೆ. ಇಷ್ಟು ಸಂಪತ್ತು ಒಮ್ಮೆಲೇ ಕೈಗೆ ಬಂದರೆ ಯಾರ ತಲೆಯಾದರೂ ತಿರುಗುತ್ತದೆ. ಅವರು ಮಾತ್ರ ಬಿತ್ತನೆ ಕಾಳಿಗೆ ಕೈಹಾಕದ ರೈತನ ಹಾಗೆ ನಡೆದುಕೊಂಡರು. ಎಣ್ಣೆಯ ಲಾಭದ ಮೇಲೆ ಶೇ. 78ರಷ್ಟು ತೆರಿಗೆ ಹಾಕಿದರು. 1990ರಲ್ಲಿ ಎಣ್ಣೆಯ ಹಣ ಕೂಡಿಡುವ ನಿಧಿಗೆಂದು ಕಾನೂನು ತಂದು, 1996ರಲ್ಲಿ ಮೊದಲ ಹಣ ಕೂಡಿಟ್ಟರು. ಆ ಹಣವನ್ನು ಹೊರದೇಶಗಳಲ್ಲೇ ಹೂಡುತ್ತಾರೆ. ಸರಾಸರಿಯಲ್ಲಿ ವರ್ಷಕ್ಕೆ ನಿಧಿಯ ಶೇ. 3ರಷ್ಟನ್ನು ಮಾತ್ರ ಖರ್ಚು ಮಾಡಬೇಕೆಂಬುದು ಸರ್ಕಾರ ತನಗೇ ಹಾಕಿಕೊಂಡ ಕಟ್ಟುಪಾಡು. ಇನ್ನೂ ಹುಟ್ಟದ ಮಕ್ಕಳ ಪಾಲನ್ನು ತೆಗೆದಿಟ್ಟ ಈ ಸಂಯಮವನ್ನು ನಾನು ತುಂಬ ಗೌರವಿಸುತ್ತೇನೆ.

ಹೊರಗಿನವಳೆಂಬ ಅಳುಕು ಬಂದಾಗ ಫಾರೂಕ್ ಅಲ್-ಕಾಸಿಂ ಅವರನ್ನು ನೆನೆಸಿಕೋ. ಇರಾಕಿನ ಆ ಭೂವಿಜ್ಞಾನಿ ಕಾಯಿಲೆಯ ಮಗುವಿನ ಚಿಕಿತ್ಸೆಗಾಗಿ, ನಾರ್ವೆಯವರೇ ಆದ ಹೆಂಡತಿಯೊಂದಿಗೆ 1968ರಲ್ಲಿ ಅಲ್ಲಿಗೆ ಬಂದವರು. ಆ ದೇಶದ ಎಣ್ಣೆ ನೀತಿ ರೂಪಿಸಿದವರಲ್ಲಿ ಅವರೂ ಒಬ್ಬರು.

ಸಂಬಳದಲ್ಲಿ ತೆರಿಗೆ ದಂಡಿಯಾಗಿ ಕಡಿತವಾಗುತ್ತದೆ, ಗೊಣಗಬೇಡ. ವೈದ್ಯರಿಗೆ ಕೊಡುವ ಶುಲ್ಕ ವರ್ಷದಲ್ಲಿ ಒಂದು ಮಿತಿ ಮುಟ್ಟಿದರೆ, ಆಮೇಲಿನದು ಸರ್ಕಾರದ್ದು. ಮಗು ಹುಟ್ಟಿದರೆ ಅಪ್ಪನಿಗೆಂದೇ ಮೀಸಲು ರಜೆ 1993ರಿಂದಲೂ ಇದೆ. ಸಂಜೆ ನಾಲ್ಕಕ್ಕೆ ಎದ್ದು ಹೋಗುವ ಸಹೋದ್ಯೋಗಿಯನ್ನು ಸೋಮಾರಿ ಎಂದುಕೊಳ್ಳಬೇಡ. ನೀನೂ ಎದ್ದು ಹೋಗು. ರಾತ್ರಿಯವರೆಗೆ ಕೂತರೆ ಅಲ್ಲಿ ಮೆಚ್ಚುಗೆ ಸಿಗುವುದಿಲ್ಲ.

ಚಳಿಗಾಲದ ಕತ್ತಲು ನಿನ್ನನ್ನು ಕುಗ್ಗಿಸಬಹುದು, ನನಗಿರುವ ಚಿಂತೆ ಅದೊಂದೇ. ಮಳೆಯಂಗಿ, ಉಣ್ಣೆಯ ಒಳಉಡುಪು ಮೊದಲು ಕೊಳ್ಳು. ಬೆಳಕಿರುವ ಹೊತ್ತಿನಲ್ಲಿ ಹೊರಗೆ ನಡೆ. ಕಾಡು, ಬೆಟ್ಟಗಳಲ್ಲಿ, ಅವು ಯಾರದ್ದೇ ಆಗಿರಲಿ, ಓಡಾಡುವ ಹಕ್ಕು ಎಲ್ಲರಿಗೂ ಇದೆ; 1957ರಲ್ಲಿ ಅದು ಕಾನೂನೇ ಆಯಿತು.

ಜನ ತಾವಾಗಿ ಬಂದು ಮಾತನಾಡಿಸುವುದು ಕಡಿಮೆ. ಅದನ್ನು ತಿರಸ್ಕಾರವೆಂದು ತಿಳಿಯಬೇಡ. ವಸಂತ ಬಂದಾಗ ನಿನ್ನ ಕಟ್ಟಡದಲ್ಲಿ ‘ದುಗ್ನಾದ್’ ಎಂದು ಚೀಟಿ ಅಂಟಿಸುತ್ತಾರೆ. ನೆರೆಹೊರೆಯವರೆಲ್ಲ ಸೇರಿ ಅಂಗಳ ಗುಡಿಸಿ, ಬೇಲಿಗೆ ಬಣ್ಣ ಬಳಿಯುವ ದಿನ ಅದು. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡ. ಎಲ್ಲರಿಗಿಂತ ಮೊದಲು ಇಳಿದು ಹೋಗಿ ಪೊರಕೆ ಹಿಡಿ, ಪಕ್ಕದ ಮನೆಯವರ ಹೆಸರು ಕೇಳು.