ತಂಗುವ ಊರು, ಬಾಳುವ ಊರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ನಗರದ ನಡುವಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಕೆಂಗೇರಿ ಇದೆ. ಹಿಂದೆ ಇದು ಹೊಲಗದ್ದೆಗಳ ನಡುವಣ ಒಂದು ಸಣ್ಣ ಪೇಟೆ. ಇಂದು ಬೆಳಗಿನ ಆರು ಗಂಟೆಗೆ ಇಲ್ಲಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ, ಊರಿಗೆ ಊರೇ ಎಲ್ಲಿಗೋ ಹೊರಟಂತೆ ತೋರುತ್ತದೆ. ಊಟದ ಡಬ್ಬಿ ಹಿಡಿದ ಗುಮಾಸ್ತರು, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು ಹೀಗೆ ಹೊರಟವರು ಮರಳುವುದು ದೀಪ ಹೊತ್ತಿದ ಮೇಲೆಯೇ. ಹಗಲು ಬೇರೆಡೆ ದುಡಿದು ರಾತ್ರಿ ತಂಗಲು ಮಾತ್ರ ಜನರು ಬಂದು ಸೇರುವ ಇಂತಹ ಊರನ್ನು ಜಪಾನೀಯರು ‘ಬೆಡ್ ಟೌನ್’ ಎನ್ನುತ್ತಾರೆ. ‘ಹಾಸಿಗೆಯ ಊರು’ ಎಂದು ಅದರ ಅರ್ಥ.

ಜಪಾನಿನಲ್ಲಿ ಇಂತಹ ಊರುಗಳು ರೈಲಿನೊಡನೆ ಬೆಳೆದವು. ಕೊಬಯಾಶಿ ಇಚಿಜೊ ಎಂಬ ಉದ್ಯಮಿಯು 1910ರಲ್ಲಿ ಒಸಾಕಾ ನಗರದಿಂದ ಹೊರಕ್ಕೆ ವಿದ್ಯುತ್ ರೈಲನ್ನು ಓಡಿಸಿದನು. ಆ ದಾರಿಯ ಇಕೆಡಾ ಎಂಬಲ್ಲಿ ಮನೆಗಳನ್ನು ಕಟ್ಟಿ ಕಂತಿನ ಮೇಲೆ ಮಾರಿದನು. ರೈಲಿಗೆ ಪ್ರಯಾಣಿಕರು ದೊರೆತರು, ಪ್ರಯಾಣಿಕರಿಗೆ ಮನೆ ದೊರೆಯಿತು. ಟೋಕಿಯೊ ಸಮೀಪದ ತಾಮಾ ಹೊಸನಗರಕ್ಕೆ 1971ರಿಂದ ಜನರು ಬಂದು ನೆಲೆಸತೊಡಗಿದರು. ಅಂದು ಬಂದ ಯುವ ದಂಪತಿಗಳು ಮುದುಕರಾದರು. ಮಕ್ಕಳು ಬೆಳೆದು ಬೇರೆಡೆಗೆ ಹೋದರು. ಮಕ್ಕಳಿಲ್ಲದೆ ಅಲ್ಲಿನ ಹಲವು ಶಾಲೆಗಳು ಮುಚ್ಚಿದವು. ಮನೆಗಳನ್ನು ಕಟ್ಟಿದಷ್ಟು ಸುಲಭವಾಗಿ ಊರನ್ನು ಕಟ್ಟಲಾಗದು.

ಕೆಂಗೇರಿಯ ಕಥೆ ತುಸು ಬೇರೆ. ಬೆಂಗಳೂರು–ಮೈಸೂರು ರೈಲುಮಾರ್ಗವು ಪೂರ್ಣಗೊಂಡದ್ದು 1882ರಲ್ಲಿ. ಹೀಗೆ ರೈಲು ಬಹು ಹಿಂದೆಯೇ ಬಂದರೂ ನಿತ್ಯದ ದುಡಿಮೆಗಾರರನ್ನು ಹೊತ್ತುದು ಮುಖ್ಯವಾಗಿ ಬಸ್ಸು. ಉಪನಗರವೆದ್ದಿತು, ಸುತ್ತಲೂ ಬಡಾವಣೆಗಳು ಹಬ್ಬಿದವು. ತನ್ನದೇ ಪುರಸಭೆಯಿದ್ದ ಕೆಂಗೇರಿ 2007ರಲ್ಲಿ ಬೃಹತ್ ಬೆಂಗಳೂರಿನಲ್ಲಿ ಸೇರಿಹೋಯಿತು. ಮೆಟ್ರೊ ರೈಲು ಇಲ್ಲಿಗೆ ತಲಪಿದ್ದು 2021ರ ಆಗಸ್ಟಿನಲ್ಲಿ. ಚಲ್ಲಘಟ್ಟಕ್ಕೆ ಮುಂದುವರಿದದ್ದು 2023ರ ಅಕ್ಟೋಬರಿನಲ್ಲಿ. ಜಪಾನಿನಲ್ಲಿ ರೈಲಿನ ಹಿಂದೆ ಮನೆಗಳು ಬಂದರೆ, ಇಲ್ಲಿ ಮನೆಗಳ ಹಿಂದೆ ಮೆಟ್ರೊ ಬಂದಿತು.

ನಾನೂ ಹಾಗೆ ಬಂದು ತಂಗಿದವನೇ. ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ನನಗೆ ಕೆಲಸ. ಅಲ್ಲಿನ ಬಾಡಿಗೆ ಕೈಗೆಟುಕದೆ ಕೆಂಗೇರಿ ಉಪನಗರದಲ್ಲಿ ಸಣ್ಣ ಮನೆ ಕಟ್ಟಿಕೊಂಡೆನು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಹೋಗಿಬರಲು ದಿನಕ್ಕೆ ಮೂರು ಗಂಟೆ ಬೇಕು. ವರ್ಷಕ್ಕೆ 200 ದಿನದಂತೆ 30 ವರ್ಷಗಳ ಲೆಕ್ಕ ಹಾಕಿದರೆ 18,000 ಗಂಟೆ. ಎಂದರೆ 750 ದಿನ. ನನ್ನ ಆಯುಷ್ಯದ ಎರಡು ವರ್ಷಗಳಿಗೂ ಮಿಕ್ಕ ಕಾಲ ಬಸ್ಸಿನಲ್ಲಿ ಕಳೆಯಿತು.

ನಾಗರಿಕತೆಗಳು ನದೀತೀರದಲ್ಲಿ ಹುಟ್ಟಿದವು ಎಂದು ಮಕ್ಕಳಿಗೆ ಹೇಳಿದ್ದೆನು. ಆದರೆ ನನ್ನ ಊರಿನ ವೃಷಭಾವತಿ ಹತ್ತಿರವಾದೊಡನೆ ಬಸ್ಸಿನಲ್ಲಿ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದೆನು. ನಿವೃತ್ತನಾದ ಮೇಲೆ ಒಂದು ಬೆಳಗ್ಗೆ ಸೇತುವೆಯ ಬಳಿಗೆ ನಡೆದುಹೋದೆನು. ಅಲ್ಲಿ ಕುಳಿತಿದ್ದ ಮುದುಕರೊಬ್ಬರು, “ಇದರಲ್ಲಿ ನಾವು ಈಜು ಕಲಿತಿದ್ದು, ಮೇಷ್ಟ್ರೇ. ಈಗ ಎಲ್ಲರೂ ಮೋರಿ ಅಂತಾರೆ. ನೀವು ಬಂದು ಎಷ್ಟು ವರ್ಷವಾಯಿತು?” ಎಂದರು. “ಮೂವತ್ತು” ಎಂದೆನು. “ಮತ್ತೆ ಒಂದು ದಿನವೂ ಇಲ್ಲಿ ಕಾಣಲಿಲ್ಲವಲ್ಲ!” ಎಂದರು. ನಾನು ನಿರುತ್ತರನಾದೆನು.

ಬಸವನಗುಡಿಯ ಬಳಿ ಹುಟ್ಟುವ ಈ ನದಿಯು ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯೊಡನೆ ಕಾವೇರಿಗೆ ಕೂಡುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕೊಳಚೆಯ ದಾರಿಯೂ ಈ ಕಣಿವೆಯೇ. ಕಾರ್ಖಾನೆಗಳ ಕಲ್ಮಷವೂ ಅದಕ್ಕೆ ಬೆರೆಯುತ್ತದೆ. ಬೈರಮಂಗಲದ ರೈತರು ಈ ನೀರಿನಿಂದಲೇ ಬೆಳೆ ತೆಗೆದರು. ನಾನು ಹಗಲು ರಾಜಾಜಿನಗರದಲ್ಲಿ ಬಳಸಿ ಚೆಲ್ಲಿದ ನೀರು ನನ್ನ ಹಿಂದೆಯೇ ಕೆಂಗೇರಿಗೆ ಬರುತ್ತಿತ್ತು! ಹಗಲು ಊರಿನಲ್ಲಿಲ್ಲದವನಿಗೆ ನದಿ ಸಾಯುವುದು ಕಾಣುವುದಾದರೂ ಹೇಗೆ?

ದುಡಿಯಲು ದೂರ ಹೋಗುವುದು ತಪ್ಪಲ್ಲ. ಹೊಟ್ಟೆಯ ಪಾಡು ಯಾರನ್ನೂ ಬಿಡದು. ಆದರೆ ತಂಗುವ ಊರು ಬಾಳುವ ಊರಾಗಬೇಕಾದರೆ ಅದರ ಕೆರೆ, ಹೊಳೆ, ನೆರೆಹೊರೆಗಳ ಪರಿಚಯ ನಮಗಿರಬೇಕು. ಈಗ ಭಾನುವಾರಗಳಂದು ನಮ್ಮ ಬೀದಿಯ ಮಕ್ಕಳೊಡನೆ ಹೊಳೆಯ ದಡದಲ್ಲಿ ನಡೆಯುತ್ತೇನೆ. ಯಾವ ಮೋರಿ ಎಲ್ಲಿ ಬಂದು ಸೇರುತ್ತದೆಂದು ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮೂವತ್ತು ವರ್ಷ ತಡವಾಗಿ ನಾನೂ ಅವರೊಡನೆ ಆ ಪಾಠವನ್ನು ಕಲಿಯುತ್ತಿದ್ದೇನೆ.

ಪದಗಳ ಅರ್ಥ
ತಂಗು – ಇಳಿದುಕೊಳ್ಳು. ನಿರುತ್ತರ – ಉತ್ತರವಿಲ್ಲದ ಸ್ಥಿತಿ. ಕಲ್ಮಷ – ಕೊಳೆ. ಪಾಡು – ಕಷ್ಟ, ಸ್ಥಿತಿ

ಅಭ್ಯಾಸ
1. ‘ಹಾಸಿಗೆಯ ಊರು’ ಎಂದರೇನು?
2. ಇಕೆಡಾ ಮತ್ತು ಕೆಂಗೇರಿ ಬೆಳೆದ ಬಗೆಯಲ್ಲಿರುವ ವ್ಯತ್ಯಾಸವೇನು?
3. ಮುದುಕರ ಮಾತಿಗೆ ಲೇಖಕರು ನಿರುತ್ತರರಾದುದೇಕೆ?
4. ನಿಮ್ಮ ಮನೆಯ ಬಳಸಿದ ನೀರು ಎಲ್ಲಿಗೆ ಹೋಗಿ ಸೇರುತ್ತದೆ? ವಿಚಾರಿಸಿ ಬರೆಯಿರಿ.